ನಿಂತಲ್ಲಿ ನಿಲ್ಲದ ಸಂಖ್ಯೆಗಳು: ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಿದ ಟೀಚರ್ ಅನುಭವ

ರ‍್ಯಾಂಡ್‌ಬಿಟ್ವೀನ್ ಒಳ್ಳೆಯ ಫಂಕ್ಷನ್ನೇ. ಲಿಬ್ರೆಆಫೀಸಿನ ಸ್ಪ್ರೆಡ್‌ಶೀಟ್ ಆದ ಕ್ಯಾಲ್ಕ್‌ನಲ್ಲಿ, ನಾವು ಕೊಟ್ಟ ಎರಡು ಸಂಖ್ಯೆಗಳ ನಡುವಿನ ಯಾವುದಾದರೊಂದು ಸಂಖ್ಯೆಯನ್ನು ತಾನೇ ಆರಿಸಿಕೊಡುತ್ತದೆ. ಆದರೆ ಅದು ಕೊಟ್ಟ ಸಂಖ್ಯೆ ನಿಂತಲ್ಲಿ ನಿಲ್ಲುವುದಿಲ್ಲ. ನನ್ನ ತಕರಾರು ಅದೊಂದೇ.

ನಾನು ಮಂಜೇಶ್ವರ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೇರಳದ ಶಾಲೆಗಳ ಐಟಿ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರ ಲಿನಕ್ಸ್ ಇದೆ, ಅದರ ಜೊತೆಗೇ ಲಿಬ್ರೆಆಫೀಸ್ ಬಂದಿದೆ. ಖರ್ಚು ಏನಿದ್ದರೂ ಪ್ರಿಂಟಿಗೆ ಮಾತ್ರ. ಶುಕ್ರವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮೂರನೇ ಕ್ಲಾಸಿನವರಿಗೆ ಲೆಕ್ಕದ ಹಾಳೆ ಮಾಡಲು ಕೂರುತ್ತೇನೆ. ಒಂದೊಂದು ಬೆಂಚಿಗೆ ಒಂದೊಂದು ಬಗೆ. ಹಿಂದೆ ಮುಂದೆ ಇಣುಕಿ ಬರೆಯಬಾರದಲ್ವಾ?

ಕಳೆಯುವ ಲೆಕ್ಕಕ್ಕೆ ಈ ಫಂಕ್ಷನ್ ಹೇಳಿ ಮಾಡಿಸಿದ್ದು. ಎ ಕಾಲಮ್ಮಿನಲ್ಲಿ 10ರಿಂದ 99. ಬಿ ಕಾಲಮ್ಮಿನಲ್ಲಿ 1ರಿಂದ ಪಕ್ಕದ ಎ ಸೆಲ್‌ವರೆಗೆ. ಕಳೆಯುವ ಸಂಖ್ಯೆ ಯಾವತ್ತೂ ದೊಡ್ಡದಾಗುವುದಿಲ್ಲ, ಮಕ್ಕಳಿಗೆ ಇನ್ನೂ ಕಲಿಸದ ಮೈನಸ್ ಉತ್ತರ ಬರುವುದೇ ಇಲ್ಲ. ಸೆಲ್ಲಿನ ಮೂಲೆಯ ಚುಕ್ಕೆ ಹಿಡಿದು ಕೆಳಗೆಳೆದರೆ ಪುಟ ತುಂಬುತ್ತದೆ. ಅದನ್ನು ನೋಡುವುದೇ ಖುಷಿ.

ಕಿರಿಕಿರಿ ಶುರುವಾಗುವುದು ಆಮೇಲೆ. ಬೇರೆ ಸೆಲ್ಲಿನಲ್ಲಿ ಸುಮ್ನೆ ತಾರೀಕು ಟೈಪ್ ಮಾಡಿದರೂ ಎಲ್ಲ ಸಂಖ್ಯೆ ಬದಲು. ಮಕ್ಕಳ ಹಾಳೆಯಲ್ಲಿ 43 − 27. ಉತ್ತರದ ಪ್ರಿಂಟ್ ತೆಗೆಯುವ ಹೊತ್ತಿಗೆ ಅದೇ ಸಾಲಿನಲ್ಲಿ 72 − 25. ಮಗು ಸರಿಯಾಗಿ 16 ಬರೆದಿದ್ದರೂ ಉತ್ತರದ ಹಾಳೆ 47 ಅನ್ನುತ್ತದೆ.

2020ರಲ್ಲಿ ಬಂದ 7.0 ಆವೃತ್ತಿಯಿಂದ ರ‍್ಯಾಂಡ್‌ಬಿಟ್ವೀನ್ ಡಾಟ್ ಎನ್‌ವಿ ಅಂತ ಇನ್ನೊಂದಿದೆ. ಬೇರೆ ಸೆಲ್ ಮುಟ್ಟಿದರೆ ಇದು ಅಲುಗಾಡುವುದಿಲ್ಲ. ಸದ್ಯ ಬದುಕಿದೆ ಅಂದುಕೊಂಡೆ. ಆದರೆ ಫೈಲ್ ಮುಚ್ಚಿ ಮತ್ತೆ ತೆರೆದರೆ ಪುನಃ ಹೊಸ ಸಂಖ್ಯೆ. ನಡುದಾರಿಯಲ್ಲಿ ಇಳಿಸಿ ಹೋದ ಬಸ್ಸಿನ ಹಾಗಾಯಿತು.

ಈಗ ಸಂಖ್ಯೆ ಬಂದ ಕೂಡಲೇ ಎರಡೂ ಕಾಲಮ್ ಸೆಲೆಕ್ಟ್ ಮಾಡಿ, ಡೇಟಾ ಮೆನುವಿನ ಕ್ಯಾಲ್ಕುಲೇಟ್‌ನಲ್ಲಿ ಫಾರ್ಮುಲಾ ಟು ವ್ಯಾಲ್ಯೂ ಒತ್ತುತ್ತೇನೆ. ಫಾರ್ಮುಲಾ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ.

ಕೂಡಿಸುವ ಲೆಕ್ಕಕ್ಕಂತೂ ಫಾರ್ಮುಲಾವೇ ಬೇಡ. ಶೀಟ್ ಮೆನುವಿನ ಫಿಲ್ ಸೆಲ್ಸ್ ಒಳಗೆ ಫಿಲ್ ರ‍್ಯಾಂಡಮ್ ನಂಬರ್ ಇದೆ. ಯೂನಿಫಾರ್ಮ್ ಇಂಟಿಜರ್ ಆರಿಸಿ, ಕನಿಷ್ಠ ಗರಿಷ್ಠ ಕೊಟ್ಟರೆ ಸಂಖ್ಯೆಗಳು ನೇರ ಸೆಲ್ಲಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಅಲ್ಲೇ ಸೀಡ್ ಅಂತ ಒಂದು ಆಯ್ಕೆ, ಅಂದರೆ ಸಂಖ್ಯೆಗಳ ಸಾಲು ಹುಟ್ಟಲು ನಾವೇ ಕೊಡುವ ಆರಂಭದ ಸಂಖ್ಯೆ. ಟಿಕ್ ಹಾಕಿ ಅದೇ ಸೀಡ್ ಕೊಟ್ಟರೆ ಅದೇ ಸಂಖ್ಯೆಗಳು ಮತ್ತೆ ಬರುತ್ತವೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಬೆಂಚಿನ ನಂಬರನ್ನೇ ಸೀಡ್ ಮಾಡಿ ಹಾಳೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಜೂನ್ ಮಳೆಯಲ್ಲಿ ಚೀಲದೊಳಗೆ ಹಾಳೆ ನೆನೆದು ಮುದ್ದೆಯಾದರೂ ಆ ಮಗುವಿಗೆ ಅದೇ ಲೆಕ್ಕ ತೆಗೆದುಕೊಡಬಹುದು.

ಗರಿಷ್ಠದ ಜಾಗದಲ್ಲಿ ಪಕ್ಕದ ಸೆಲ್ ಕೊಡುವಂತಿದ್ದರೆ ಕಳೆಯುವ ಲೆಕ್ಕಕ್ಕೂ ಇದನ್ನೇ ಬಳಸುತ್ತಿದ್ದೆ. ಅಷ್ಟು ಆಗುವವರೆಗೆ ಐದರಲ್ಲಿ ನಾಲ್ಕು ಸ್ಟಾರ್.