ಹೈಸ್ಕೂಲಿನ ನೆನಪಿಗೆ ಯಾವುದು ವಾಸಿ: ವಾಟ್ಸ್‌ಆ್ಯಪ್ ಗುಂಪೋ, ಫೋಟೊ ಆಲ್ಬಮ್ಮೋ, ಸ್ಮರಣ ಸಂಚಿಕೆಯೋ?

ಮೊದಲೇ ಹೇಳಿಬಿಡುತ್ತೇನೆ: ಸ್ಮರಣ ಸಂಚಿಕೆ ಮಾಡಿಸಿ. ನಮ್ಮ ಬ್ಯಾಚಿನವರು ಮೂರನ್ನೂ ಮಾಡಿ ನೋಡಿದ್ದೇವೆ, ಮೂರಕ್ಕೂ ಸಮಯ ಕೊಟ್ಟಿದ್ದೇವೆ, ಎರಡಕ್ಕೆ ದುಡ್ಡೂ ಸುರಿದಿದ್ದೇವೆ. ಇಂದಿಗೂ ವಾರಕ್ಕೊಮ್ಮೆಯಾದರೂ ನನ್ನ ಕೈಗೆ ಬರುವುದು 96 ಪುಟಗಳ, ಕಪ್ಪು ಬಿಳುಪಿನ ಆ ಪುಸ್ತಕ ಮಾತ್ರ.

ನಾವು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ 1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ತೆಂಗಿನ ತೋಟಗಳ ನಡುವಿನ ಕಾಲುದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ನಡೆದು ಬರುವುದು ನಮಗೆ ವಿಶೇಷವೇನೂ ಆಗಿರಲಿಲ್ಲ. ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ್ದು 2006ರ ಸುಮಾರಿಗೆ, ಅಷ್ಟು ಹೊತ್ತಿಗೆ ನಮ್ಮ ಮಕ್ಕಳೇ ಹೈಸ್ಕೂಲಿನಲ್ಲಿದ್ದರು. ಜಗಲಿಯ ತೊಲೆಗೆ ನೇತುಹಾಕಿದ ರೈಲು ಕಂಬಿಯ ತುಂಡೇ ನಮ್ಮ ಗಂಟೆ. ಶನಿವಾರ ಬೆಳಗಿನ ತರಗತಿ, ಅದಕ್ಕೂ ಮೊದಲು ಸಾಮೂಹಿಕ ಕವಾಯತು. ತಿಂಗಳಿಗೊಮ್ಮೆ ತೊಂಡೆ ಸೊಪ್ಪು, ಇದ್ದಿಲು ಅರೆದು ಕಪ್ಪು ಹಲಗೆಗೆ ಬಳಿಯುವ ಸರದಿ. ಪರೀಕ್ಷೆಗೆ ಮುಂಚೆ ಶಾರದಾ ಪೂಜೆ, ಎಲೆಯ ಮೇಲೆ ಕೋಸಂಬರಿ, ಪುಳಿಯೋಗರೆ. ಆಮೇಲೆ ಗ್ರೂಪ್ ಫೋಟೊ. ಉಳಿಸಿಕೊಳ್ಳಬೇಕೆಂದು ನಾವು ಹೊರಟದ್ದು ಇದನ್ನೆಲ್ಲ.

ವಾಟ್ಸ್‌ಆ್ಯಪ್ ಗುಂಪು ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಚದುರಿಹೋದವರನ್ನು ಹುಡುಕಲು ಅದಕ್ಕೆ ಸಾಟಿಯಿಲ್ಲ. ಮೂರು ವಾರದಲ್ಲಿ 52 ಜನ ಸೇರಿದೆವು. ಮೊದಲ ತಿಂಗಳು ಯಾರಿಗೂ ನಿದ್ದೆ ಇರಲಿಲ್ಲ. ನಂತರ ಶುಭೋದಯದ ಹೂವುಗಳು, ಹಬ್ಬದ ಶುಭಾಶಯಗಳು, ರಾಜಕೀಯದ ಜಗಳಗಳು ಬಂದವು. ಗೆಳೆಯನೊಬ್ಬ ಪಿ.ಟಿ. ಮೇಷ್ಟ್ರ ಬಗ್ಗೆ ಎರಡು ಪುಟದಷ್ಟು ಬರೆದಿದ್ದ, ಕಣ್ಣಲ್ಲಿ ನೀರು ಬರುವಂಥ ಬರಹ. ಆರು ತಿಂಗಳ ಮೇಲೆ ಹುಡುಕಿದರೆ ನನ್ನ ಫೋನಿನಲ್ಲಿ ಸಿಗಲಿಲ್ಲ. ಅವನ ಫೋನ್ ಕೆಟ್ಟು ಬದಲಾಗಿತ್ತು.

ಚಿತ್ರಗಳ ಕಥೆ ಇನ್ನೂ ಬೇಸರದ್ದು. ನಮ್ಮ ಗ್ರೂಪ್ ಫೋಟೊದ ಕೆಳಗೆ ರಟ್ಟಿನ ಮೇಲೆ ಎಲ್ಲರ ಹೆಸರು ಸಣ್ಣ ಅಕ್ಷರದಲ್ಲಿವೆ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಬಂದ ಪ್ರತಿಯಲ್ಲಿ ಮುಖಗಳು ಕಾಣುತ್ತಿದ್ದವು, ಹೆಸರುಗಳು ಇರುವೆಯ ಸಾಲಿನಂತಾಗಿದ್ದವು. ಸಕಾಲದಲ್ಲಿ ಇಳಿಸಿಕೊಳ್ಳದ ಚಿತ್ರ ಆಮೇಲೆ ತೆರೆಯುವುದೇ ಇಲ್ಲ. ಹಳೆಯ ಚಿತ್ರ ಕಳಿಸುವುದಿದ್ದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಮೂಲದ ಗುಣಮಟ್ಟ ಹಾಗೆಯೇ ಹೋಗುತ್ತದೆ. ಇದು ನಮಗೆ ತಿಳಿದದ್ದು ತಡವಾಗಿ.

2023ರಲ್ಲಿ ಫೋಟೊ ಆಲ್ಬಮ್ ಮಾಡಿಸಿದೆವು. ಮದುವೆಗೆ ಮಾಡಿಸುತ್ತಾರಲ್ಲ, ಹಾಳೆ ದಪ್ಪಗಿದ್ದು ಮಿರುಗುವ ಅದೇ ಬಗೆಯದು. 12×18 ಇಂಚು, 40 ಪುಟ, ಒಂದಕ್ಕೆ 4,200 ರೂಪಾಯಿ. ಆರು ಪ್ರತಿ ಮಾಡಿಸಿದೆವು, ಅದಕ್ಕಿಂತ ಹೆಚ್ಚಿಗೆ ಮಾಡಿಸುವ ಶಕ್ತಿ ಇರಲಿಲ್ಲ. ಈಗ ಆ ಆರು ಆರು ಜನರ ಮನೆಯಲ್ಲಿವೆ, ಉಳಿದವರು ಅವರ ಮನೆಗೆ ಹೋದಾಗ ನೋಡಬೇಕು.

ಚಿತ್ರದ ಅಂದ ಅದರಲ್ಲಿ ಬಂದಂತೆ ಬೇರೆಲ್ಲೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಮೂರು ವರ್ಷದ ಹೈಸ್ಕೂಲಿನಿಂದ ನಮಗೆ ಸಿಕ್ಕ ಚಿತ್ರಗಳೇ ಒಟ್ಟು ಹನ್ನೊಂದು. ಆಗ ಕ್ಯಾಮೆರಾ ಇದ್ದವರು ಯಾರು? ಒಬ್ಬ ಮೇಷ್ಟ್ರ ಬಳಿ ಆಗ್ಫಾ ಕ್ಲಿಕ್ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ, ಯೋಚಿಸಿ ಯೋಚಿಸಿ ಒತ್ತುತ್ತಿದ್ದರು. ಹನ್ನೊಂದು ಚಿತ್ರಕ್ಕೆ ನಲವತ್ತು ಪುಟ ತುಂಬಬೇಕೆಂದು ಸ್ಟುಡಿಯೋದವರು ಹಿನ್ನೆಲೆಗೆ ಗುಲಾಬಿ, ಜಲಪಾತ, ಚಿಟ್ಟೆಗಳನ್ನು ತಂದು ಇಟ್ಟರು. ಕೇಳದೆಯೇ ಕಂಪ್ಯೂಟರಿನಲ್ಲಿ ಬಣ್ಣವನ್ನೂ ತುಂಬಿಸಿದರು. ನಮ್ಮದು ಬಿಳಿ ಅಂಗಿ, ಖಾಕಿ ಚಡ್ಡಿ. ಆಲ್ಬಮ್ಮಿನಲ್ಲಿ ನಮ್ಮೆಲ್ಲರ ಚಡ್ಡಿ ತಿಳಿನೀಲಿ. ಹತ್ತನೆಯ ತರಗತಿಯವರೆಗೂ ಖಾಕಿ ಚಡ್ಡಿ ತೊಟ್ಟು ಓಡಾಡಿದ ನಮಗೆ ಆ ನೀಲಿಯನ್ನು ನೋಡಿ ಆದ ಸಂಕಟ ದೊಡ್ಡದು.

ಚಿತ್ರಗಳ ವಿಷಯದಲ್ಲಿ ಒಂದು ಕಿವಿಮಾತು. ನಮ್ಮ 1986ರ ಕಪ್ಪು ಬಿಳುಪು ಚಿತ್ರಗಳು ಇಂದಿಗೂ ಗಟ್ಟಿಯಾಗಿವೆ. ನಮ್ಮ ನಂತರದವರು 1993ರ ವಾರ್ಷಿಕೋತ್ಸವದಲ್ಲಿ ತೆಗೆಸಿದ ಬಣ್ಣದ ಚಿತ್ರಗಳು ಕೆಂಪಗೆ ತಿರುಗಿ ಮುಖವೇ ಗುರುತಾಗದಂತಾಗಿವೆ. ಕಪ್ಪು ಬಿಳುಪು ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ, ಚೆನ್ನಾಗಿ ತೊಳೆದಿದ್ದರೆ ಬಹುಕಾಲ ನಿಲ್ಲುತ್ತದೆ. ಬಣ್ಣದ ಚಿತ್ರದಲ್ಲಿರುವುದು ರಾಸಾಯನಿಕ ಬಣ್ಣಗಳು, ಅವು ಬೆಳಕಿಗೂ ಸೆಕೆಗೂ ಒಂದೊಂದು ಒಂದೊಂದು ವೇಗದಲ್ಲಿ ಮಾಸುತ್ತವೆ. ಹಾಗಾಗಿ ತೊಂಬತ್ತರ ದಶಕದ ಬಣ್ಣದ ಚಿತ್ರಗಳನ್ನು ಮೊದಲು ಸ್ಕ್ಯಾನ್ ಮಾಡಿಸಿ, ಹಳೆಯ ಕಪ್ಪು ಬಿಳುಪಿನವು ಕಾಯುತ್ತವೆ. ಚಿಕ್ಕ ಚಿತ್ರವಾದರೆ ಸ್ಕ್ಯಾನಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಇಡಿ, ಅಚ್ಚಿನಲ್ಲಿ ಎರಡು ಪಟ್ಟು ದೊಡ್ಡದು ಮಾಡಿದರೂ ಮುಖ ಒಡೆಯುವುದಿಲ್ಲ.

ಆಲ್ಬಮ್ಮನ್ನು ನಾನು ಬದಿಗಿಟ್ಟದ್ದು ಚಡ್ಡಿಯ ಬಣ್ಣದಿಂದಲ್ಲ. ನಮ್ಮ ಶಾಲೆಯ ಬದುಕಿನಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದಾಗಿತ್ತೋ ಅದರ ಒಂದೇ ಒಂದು ಚಿತ್ರವೂ ಇಲ್ಲ.

ಅದು ರಾತ್ರಿ ಓದು. ಸಂಕ್ರಾಂತಿ ಕಳೆಯುತ್ತಿದ್ದಂತೆ ಎಸ್ಸೆಸ್ಸೆಲ್ಸಿ ಹುಡುಗರು ಮನೆಯಲ್ಲಿ ಉಂಡು, ಚಾಪೆ ಕಂಬಳಿ ಹೊತ್ತು ಶಾಲೆಗೆ ಬಂದು ಮಲಗಬೇಕು. ಪರೀಕ್ಷೆ ಮುಗಿಯುವ ತನಕ ಅದೇ ನಮ್ಮ ಮನೆ. ಕರೆಂಟು ಇದ್ದರೆ ಒಂದು ಬಲ್ಬು, ಇಲ್ಲದಿದ್ದರೆ ಪೆಟ್ರೋಮ್ಯಾಕ್ಸ್. ಅದರ ಸುಯ್ ಎನ್ನುವ ಸದ್ದಿನಲ್ಲಿ ಗಣಿತದ ಪ್ರಮೇಯಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಹತ್ತೂವರೆಗೆ ದೀಪ ಆರಿಸಿ ಮಲಗಿದರೆ ಬೆಳಗಿನ ಜಾವ ನಾಲ್ಕಕ್ಕೆ ಕನ್ನಡ ಮೇಷ್ಟ್ರು ಬಂದು ಕಂಬಿಗೆ ಒಂದೇ ಏಟು ಹಾಕುತ್ತಿದ್ದರು. ‘ಏಳಿರಪ್ಪಾ, ಮುಖ ತೊಳೆದುಕೊಳ್ಳಿ’ ಎಂದು ಒಬ್ಬೊಬ್ಬರ ಕಂಬಳಿಯನ್ನೂ ಸರಿಸುತ್ತಾ ಹೋಗುತ್ತಿದ್ದರು. ಯಾರಿಗಾದರೂ ಮೈ ಬಿಸಿಯಿದ್ದರೆ ಆ ಕಂಬಳಿಯನ್ನು ಮತ್ತೆ ಹೊದಿಸಿ ಮುಂದಕ್ಕೆ ಹೋಗುತ್ತಿದ್ದರು. ಅದಕ್ಕಾಗಿ ಅವರಿಗೆ ಸರ್ಕಾರ ಒಂದು ಪೈಸೆಯನ್ನೂ ಕೊಡುತ್ತಿರಲಿಲ್ಲ. ನಾಲ್ಕು ಗಂಟೆಯ ಕತ್ತಲಲ್ಲಿ ಫೋಟೊ ತೆಗೆಯುವವರು ಯಾರು?

ಅದನ್ನು ಬರೆದೇ ಉಳಿಸಬೇಕು. ಹೀಗೆ 2024ರ ಗುರುವಂದನೆಗೆ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಯಿತು. 31 ಬರಹಗಳು ಬಂದವು. ನಮಗಿಂತ ಹಿರಿಯರೊಬ್ಬರು 1982ರ ಗೋಕಾಕ್ ಚಳವಳಿಯ ದಿನಗಳನ್ನು ಬರೆದುಕೊಟ್ಟರು. ಡಾ. ರಾಜ್‌ಕುಮಾರ್ ಚಳವಳಿಗೆ ಇಳಿದಾಗ ಹಳ್ಳಿಯ ಹೈಸ್ಕೂಲಿನ ಹುಡುಗರೂ ಹಳದಿ ಕೆಂಪು ಬಟ್ಟೆಯ ಚೂರು ಕಟ್ಟಿಕೊಂಡು ಮೆರವಣಿಗೆ ಹೊರಟಿದ್ದರು. ಇನ್ನೊಬ್ಬ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಬರೀ ಸಂಖ್ಯೆಗಳ ಸಾಲಿನಲ್ಲಿ ತನ್ನ ನೋಂದಣಿ ಸಂಖ್ಯೆಯನ್ನು ಬೆರಳಿಟ್ಟು ಹುಡುಕಿದ್ದನ್ನು ಬರೆದ. ಮತ್ತೊಬ್ಬ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಯ ಮಸಿ ಕೈಗೆ ಅಂಟುತ್ತಿದ್ದುದನ್ನು ಬರೆದ.

ಓದಿ ಸುಮ್ಮನೆ ಕೂತದ್ದು ಗೆಳತಿಯೊಬ್ಬರ ಒಂದೂವರೆ ಪುಟಕ್ಕೆ. ರಾತ್ರಿ ಓದು ಹುಡುಗರಿಗೆ ಮಾತ್ರ ಇತ್ತು, ಹುಡುಗಿಯರನ್ನು ಕಳಿಸುವ ಕಾಲವಲ್ಲ ಅದು. ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ನಾಲ್ಕಕ್ಕೆ ಕಂಬಿಯ ಸದ್ದು ಕೇಳಿದೊಡನೆ ತಾವೂ ಎದ್ದು, ಅಮ್ಮ ನೀರೊಲೆಗೆ ಹಾಕಿದ ಬೆಂಕಿಯ ಬೆಳಕಿನಲ್ಲಿ ಕೂತು ಓದುತ್ತಿದ್ದರಂತೆ. 38 ವರ್ಷ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. 52 ಜನರ ಗುಂಪಿನಲ್ಲಿ ನಾಲ್ಕು ವರ್ಷ ಇದ್ದರೂ ಅವರು ಹೇಳಿರಲಿಲ್ಲ. ಪುಸ್ತಕಕ್ಕೆಂದು ಕೇಳಿದಾಗ ಹೇಳಿದರು.

ಇನ್ನು ಸಂಚಿಕೆಯ ದೊಡ್ಡ ಕಿರಿಕಿರಿ. ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮಗೂ ಇದು ಬಂದೇ ಬರುತ್ತದೆ.

31 ಬರಹಗಳಲ್ಲಿ 19 ಬಂದದ್ದು ಫೋನಿನಲ್ಲಿ ಟೈಪಾಗಿ, ಉಳಿದ 12 ಕೈಬರಹದಲ್ಲಿ. ಟೈಪಾದವುಗಳ ಕೆಲಸ ಸಲೀಸು, ಕೈಬರಹದ್ದೇ ಕಷ್ಟ ಎಂದುಕೊಂಡಿದ್ದೆ. ಆದದ್ದು ಅದಕ್ಕೆ ತಿರುಗುಮುರುಗು. ಫೋನಿನ ಕನ್ನಡ ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುತ್ತದೆ. ನಾವು ಹೋದ ಅಚ್ಚುಕೂಟದಲ್ಲಿ ಪುಟ ಕಟ್ಟಲು ಇನ್ನೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ, ಅಕ್ಷರಕ್ಕೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಬಗೆಯ ಫಾಂಟ್. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಹಳೆಯ ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ಆಕಾರಗಳನ್ನು ಕೂರಿಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಪರಿವರ್ತಕ ಬೇಕು. ‘ಎರಡು ನಿಮಿಷದ ಕೆಲಸ ಸಾರ್’ ಎಂದು ಅಚ್ಚುಕೂಟದ ಹುಡುಗ ಹೇಳಿದ.

ಮೊದಲ ಕರಡು ಬಂತು. ‘ಪ್ರಾರ್ಥನೆ’ ಎಂಬಲ್ಲೆಲ್ಲ ಅರ್ಕಾವತ್ತು ಉದುರಿ ‘ಪ್ರಾಥನೆ’ ಆಗಿತ್ತು. ‘ಮಾರ್ಚ್’ ಎಂಬುದು ‘ಮಾಚ್’ ಆಗಿತ್ತು. ‘ಹೈಸ್ಕೂಲ್‌ನಲ್ಲಿ’ ಎಂದು ಬಿಡಿಸಿ ಬರೆದಲ್ಲಿ ಲಕಾರಕ್ಕೆ ನಕಾರದ ಒತ್ತು ಅಂಟಿಕೊಂಡಿತ್ತು. ಒಂದು ಬರಹದಲ್ಲಿ ‘ಓಅಅ’ ಎಂಬ ಪದ ಒಂಬತ್ತು ಕಡೆ ಇತ್ತು. ‘ಓಅಅ ಶಿಬಿರ’, ‘ಓಅಅ ಸಮವಸ್ತ್ರ’. ಮೂಲ ತೆಗೆದು ನೋಡಿದ ಮೇಲೆ ತಿಳಿಯಿತು: ಬರೆದವರು ಎನ್‌ಸಿಸಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಹಳೆಯ ನುಡಿಯಲ್ಲಿ ಇಂಗ್ಲಿಷಿನ ಎನ್ ಇರುವ ಜಾಗದಲ್ಲಿ ‘ಓ’ ಇದೆ, ಸಿ ಇರುವ ಜಾಗದಲ್ಲಿ ‘ಅ’ ಇದೆ.

ತಿದ್ದಿ ಕೊಟ್ಟೆವು. ಎರಡನೆಯ ಕರಡಿನಲ್ಲಿ ಹಳೆಯ ತಪ್ಪು ಹೋಗಿ ಹೊಸದು ಬಂದಿತ್ತು. ಅರ್ಕಾವತ್ತು ಮರಳಿತ್ತು, ಆದರೆ ಪಕ್ಕದ ಅಕ್ಷರದ ಮೇಲೆ ಕೂತಿತ್ತು. ಮೂರನೆಯದೂ ಹಾಗೆಯೇ. ಕೊನೆಗೆ 19 ಬರಹಗಳನ್ನೂ ಕಾಗದಕ್ಕೆ ಇಳಿಸಿ, ಪುಟಕ್ಕೆ 30 ರೂಪಾಯಿಯಂತೆ ಕೊಟ್ಟು ಮತ್ತೆ ಕೈಯಲ್ಲೇ ಟೈಪ್ ಮಾಡಿಸಿದೆವು. ಮೂರು ವಾರ ಹೋಯಿತು. ಗುರುವಂದನೆಯ ಹಿಂದಿನ ದಿನ ಸಂಜೆ ಆರಕ್ಕೆ ಕಟ್ಟುಗಳು ಕೈಗೆ ಬಂದವು, ಮಸಿಯ ವಾಸನೆ ಹಾಗೇ ಇತ್ತು.

ಆದ್ದರಿಂದ ಮುಂಗಡ ಕೊಡುವ ಮುನ್ನ ಅಚ್ಚುಕೂಟದಲ್ಲಿ ಒಂದೇ ಪ್ರಶ್ನೆ ಕೇಳಿ: ಯೂನಿಕೋಡಿನಲ್ಲೇ ಪುಟ ಕಟ್ಟುತ್ತೀರಾ? ಹೌದೆಂದರೂ ಸುಮ್ಮನಾಗಬೇಡಿ. ಪ್ರಾರ್ಥನೆ, ಮಾರ್ಚ್, ಹೈಸ್ಕೂಲ್‌ನಲ್ಲಿ, ಜೊತೆಗೆ ಒಂದೆರಡು ಇಂಗ್ಲಿಷ್ ಅಕ್ಷರ ಇರುವ ನಾಲ್ಕು ಸಾಲನ್ನು ಫೋನಿನಿಂದ ಕಳಿಸಿ, ಅಲ್ಲೇ ನಿಂತು ಒಂದು ಹಾಳೆ ತೆಗೆಸಿಕೊಂಡು ಓದಿ. ನಮ್ಮ ಮೂರು ವಾರ ನಿಮಗೆ ಉಳಿಯುತ್ತದೆ.

ಖರ್ಚು: 300 ಪ್ರತಿಗೆ ಒಟ್ಟು 45,000, ಅಂದರೆ ಪ್ರತಿಗೆ 150 ರೂಪಾಯಿ. ಸಾಮಾನ್ಯ ಪುಸ್ತಕದ ಡೆಮಿ ಆಕಾರ, ಹದಿನಾರು ಪುಟಕ್ಕೊಂದರಂತೆ ಆರು ಫಾರಂ. ಐದು ಫಾರಂ ಮ್ಯಾಪ್‌ಲಿಥೊ ಎಂಬ ಸಾದಾ ಕಾಗದದಲ್ಲಿ, ಚಿತ್ರಗಳ ಒಂದು ಫಾರಂ ಮಾತ್ರ ನುಣುಪಾದ ಆರ್ಟ್ ಪೇಪರಿನಲ್ಲಿ. ಚಿತ್ರಗಳನ್ನೂ ಸಾದಾ ಕಾಗದದಲ್ಲೇ ಹಾಕಿಸಿ ಉಳಿತಾಯ ಮಾಡಲು ಹೋಗಬೇಡಿ, ಮುಖಗಳು ಮಂಕಾಗುತ್ತವೆ.

ನನಗೆ ಊಟವಾದ ಮೇಲೆ ಜಗಲಿಯಲ್ಲಿ ಕೂತು ಕಾಗದದ ಮೇಲೆ ಓದುವ ಅಭ್ಯಾಸ. ಫೋನಿನಲ್ಲಿ ಹತ್ತು ನಿಮಿಷ ಓದಿದರೆ ಕಣ್ಣು ಉರಿಯುತ್ತದೆ. ನಮ್ಮ ಬ್ಯಾಚಿನಲ್ಲಿ ಕೊಬ್ಬರಿ ಮಂಡಿಯ ಹಮಾಲಿ ಮಾಡುವವರಿದ್ದಾರೆ, ಪಿಂಚಣಿಯಲ್ಲಿ ಬದುಕುವವರಿದ್ದಾರೆ. ಅವರ ಕೈಗೆ 4,200 ರೂಪಾಯಿಯ ಆಲ್ಬಮ್ ಎಟುಕುವುದಿಲ್ಲ, 150ರ ಪುಸ್ತಕವನ್ನು ಎರಡೆರಡು ಕೊಂಡರು. ನಿಮ್ಮ ಬ್ಯಾಚಿನವರೆಲ್ಲ ಸ್ಥಿತಿವಂತರಾಗಿದ್ದು, ಚಿತ್ರಗಳು ನೂರಾರು ಇದ್ದರೆ ಆಲ್ಬಮ್ ಮಾಡಿಸಿ, ಬಣ್ಣ ತುಂಬಬೇಡಿ ಎಂದು ಬರೆದು ಕೊಡಿ. ಗುಂಪನ್ನು ಮುಚ್ಚಬೇಡಿ, ಸಾವು ನೋವಿನ ಸುದ್ದಿ ತಿಳಿಯುವುದಕ್ಕಾದರೂ ಇರಲಿ.

ಕನ್ನಡ ಮೇಷ್ಟ್ರಿಗೆ ಈಗ 84. ಗುಂಪಿನಲ್ಲಿ ಅವರಿಲ್ಲ, ಫೋನನ್ನು ಕರೆಗೆ ಮಾತ್ರ ಬಳಸುತ್ತಾರೆ. ಆಲ್ಬಮ್ಮನ್ನು ತೊಡೆಯ ಮೇಲಿಟ್ಟಾಗ ಎರಡು ಪುಟ ತಿರುವಿ ‘ಚೆನ್ನಾಗಿದೆಯಪ್ಪಾ’ ಎಂದು ಮುಚ್ಚಿದ್ದರು. ಸಂಚಿಕೆ ಕೊಟ್ಟ ಹತ್ತು ದಿನಕ್ಕೆ ಅವರೇ ಕರೆ ಮಾಡಿದರು. ಹೋದರೆ ಪುಸ್ತಕದ ತುಂಬ ಕೆಂಪು ಶಾಯಿ. ಕಾಗುಣಿತದ ತಪ್ಪು 17. ಅದಾದ ಮೇಲೆ ನಮ್ಮ ತರಗತಿಯವರ ಹೆಸರಿನ ಪಟ್ಟಿ ಇರುವ ಪುಟ ತೆಗೆದು, ‘27 ಎಲ್ಲಿ? 33 ಎಲ್ಲಿ?’ ಎಂದು ಕೇಳಿದರು.

ನಾವು ಪಟ್ಟಿ ಮಾಡಿದ್ದು ಗ್ರೂಪ್ ಫೋಟೊದ ಕೆಳಗಿನ ಹೆಸರುಗಳಿಂದ. ಒಂಬತ್ತರಲ್ಲಿ, ಹತ್ತರ ನಡುವಿನಲ್ಲಿ ಶಾಲೆ ಬಿಟ್ಟವರು ಅದರಲ್ಲಿರಲಿಲ್ಲ. ಮೇಷ್ಟ್ರಿಗೆ ಹಾಜರಿಯ ಸಂಖ್ಯೆಗಳು ಇನ್ನೂ ಬಾಯಲ್ಲಿದ್ದವು. ಒಟ್ಟು 11 ಹೆಸರುಗಳನ್ನು ಅವರು ಹೇಳುತ್ತಾ ಹೋದರು, ನಾನು ಅದೇ ಪುಟದ ಅಂಚಿನಲ್ಲಿ ಬರೆದುಕೊಂಡೆ. ತೋಟದ ಕೆಲಸಕ್ಕೆ ಹೋದವರು, ಬೆಂಗಳೂರಿನ ಹೋಟೆಲಿಗೆ ಸೇರಿದವರು, ಮದುವೆ ಮಾಡಿ ಕಳಿಸಿದ ಹುಡುಗಿಯರು.

ಇನ್ನೂ 100 ಪ್ರತಿ ಹಾಕಿಸುತ್ತಿದ್ದೇವೆ, ಈ ಸಲ ಯೂನಿಕೋಡಿನಲ್ಲಿ ಪುಟ ಕಟ್ಟುವ ಬೇರೆ ಅಚ್ಚುಕೂಟದಲ್ಲಿ. 11 ಜನರಲ್ಲಿ ನಾಲ್ವರು ಸಿಕ್ಕಿದ್ದಾರೆ. 27ನೆಯವನು ಅರಸೀಕೆರೆಯಲ್ಲಿದ್ದಾನೆ. ಬರೆಯಲು ಬರುವುದಿಲ್ಲ, ಹೇಳುತ್ತೇನೆ, ನೀವು ಬರೆದುಕೊಳ್ಳಿ ಎಂದಿದ್ದಾನೆ. ಬರುವ ಭಾನುವಾರ ಬೆಳಗಿನ ರೈಲಿಗೆ ಹೊರಟಿದ್ದೇನೆ.