ಫೈರ್‌ಫಾಕ್ಸ್ ಇನ್‌ಸ್ಪೆಕ್ಟರ್: ಫೈರ್‌ಬಗ್ ಕಾಲದಿಂದ ಬಳಸಿದ ಮೇಲೆ

ವೆಬ್ ಡಿಸೈನ್ ಕೆಲಸದಲ್ಲಿ ಎಷ್ಟೋ ಟೂಲ್‌ಗಳು ಬಂದು ಹೋದವು. ಫೈರ್‌ವರ್ಕ್ಸ್ ಹೋಯಿತು, ಫ್ಲ್ಯಾಶ್ ಹೋಯಿತು. ನನ್ನ ಪರದೆಯ ಮೇಲೆ ದಿನಾ ತೆರೆದೇ ಇರುವುದು ಫೈರ್‌ಫಾಕ್ಸ್ ಬ್ರೌಸರ್‌ನ ಇನ್‌ಸ್ಪೆಕ್ಟರ್, ಅಂದರೆ ಪೇಜ್‌ನ ಕೋಡ್ ನೋಡಿ ಅಲ್ಲೇ ಬದಲಿಸಿ ನೋಡುವ ಟೂಲ್.

ಇದರ ಬೆಲೆ ಗೊತ್ತಾಗಬೇಕಾದರೆ ಹಳೆಯ ಕಾಲ ನೆನಪಿರಬೇಕು. ಪೇಜ್‌ನಲ್ಲಿ ಯಾವ ಬಾಕ್ಸ್ ಜರುಗಿದೆ ಎಂದು ಹುಡುಕಲು ಒಂದೊಂದಕ್ಕೂ ಕೆಂಪು ಬಾರ್ಡರ್ ಹಾಕಬೇಕಿತ್ತು. ಫೈಲ್ ಸೇವ್ ಮಾಡು, ಎಫ್‌ಟಿಪಿಯಲ್ಲಿ ಸರ್ವರ್‌ಗೆ ಏರಿಸು, ರಿಫ್ರೆಶ್ ಮಾಡು. 2006ರಲ್ಲಿ ಜೋ ಹೆವಿಟ್ ಅವರ ಫೈರ್‌ಬಗ್ ಎಂಬ ಫೈರ್‌ಫಾಕ್ಸ್ ಆಡ್-ಆನ್ ಬಂತು. ಬಾಕ್ಸ್ ಮೇಲೆ ಕ್ಲಿಕ್ ಮಾಡಿ ಮಾರ್ಜಿನ್ (ಸುತ್ತಲಿನ ಜಾಗ) ಬದಲಿಸಿದರೆ ಪೇಜ್ ಕಣ್ಣೆದುರೇ ಸರಿಯುತ್ತಿತ್ತು. ಆ ಖುಷಿ ಈಗಲೂ ನೆನಪಿದೆ. 2017ರಲ್ಲಿ ಫೈರ್‌ಬಗ್ ನಿಂತಿತು, ಆದರೆ ಅದರ ಗುಣ ಬ್ರೌಸರ್‌ನ ಒಳಗೇ ಉಳಿಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು, ಕೆಲಸ ಮಾಡದ ಸಿಎಸ್‌ಎಸ್ (ಪೇಜ್ ಹೇಗೆ ಕಾಣಬೇಕೆಂದು ಹೇಳುವ ಕೋಡ್) ಸಾಲನ್ನು ಇದು ತೋರಿಸುವ ರೀತಿ. 2019ರ ಫೈರ್‌ಫಾಕ್ಸ್ 70ರಲ್ಲಿ ಬಂದ ಸೌಲಭ್ಯ ಇದು. ಸ್ಪ್ಯಾನ್‌ಗೆ, ಅಂದರೆ ಸಾಲಿನೊಳಗಿನ ಪಠ್ಯದ ತುಂಡಿಗೆ, ವಿಡ್ತ್ (ಅಗಲ) ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ಸಾಲು ಮಸುಕಾಗುತ್ತದೆ, ಪಕ್ಕದಲ್ಲಿ ಒಂದು ಚಿಕ್ಕ ಗುರುತು ಬರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ, ಇದು ಇನ್‌ಲೈನ್ ಎಲಿಮೆಂಟ್, ಹಾಗಾಗಿ ವಿಡ್ತ್ ನಡೆಯುವುದಿಲ್ಲ ಎಂದು ಕಾರಣ ಹೇಳುತ್ತದೆ. ಡಿಸ್‌ಪ್ಲೇ ಪ್ರಾಪರ್ಟಿ ಬದಲಿಸಿ ನೋಡಿ ಎಂಬ ಸಲಹೆಯನ್ನೂ ಕೊಡುತ್ತದೆ. ಸುಮ್ನೆ ಗೆರೆ ಎಳೆದು ಬಿಡುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ? ಹೊಸದಾಗಿ ಕಲಿಯುವವರಿಗೆ ಪಕ್ಕದಲ್ಲಿ ಮೇಷ್ಟ್ರು ಕೂತ ಹಾಗೆ. ಆದರೆ ಎಲ್ಲವನ್ನೂ ಹಿಡಿಯುವುದಿಲ್ಲ. ಯಾವ ಬಾಕ್ಸ್ ಮೇಲೆ ಬರಬೇಕೆಂದು ಹೇಳುವ ಝಡ್-ಇಂಡೆಕ್ಸ್ 9999 ಕೊಟ್ಟರೂ ಬಾಕ್ಸ್ ಹಿಂದೆಯೇ ಉಳಿದರೆ, ಯಾವ ಸ್ಟ್ಯಾಕಿಂಗ್ ಕಾಂಟೆಕ್ಸ್ಟ್‌ನಲ್ಲಿ (ಒಟ್ಟಿಗೆ ಮೇಲೆ-ಕೆಳಗೆ ಜೋಡಿಸುವ ಬಾಕ್ಸ್‌ಗಳ ಗುಂಪಿನಲ್ಲಿ) ಸಿಕ್ಕಿಕೊಂಡಿದೆ ಎಂದು ನಾವೇ ಹುಡುಕಬೇಕು.

ಪೇಜನ್ನು ಅಡ್ಡ-ಉದ್ದ ಸಾಲುಗಳಾಗಿ ಹಂಚುವ ಗ್ರಿಡ್‌ನ ಗೆರೆಗಳನ್ನು ಪೇಜ್ ಮೇಲೆಯೇ ಬರೆದು ನಂಬರ್ ಸಮೇತ ತೋರಿಸುವ ಟೂಲ್ 2017ರಿಂದಲೂ ಇಲ್ಲಿದೆ. ಕ್ರೋಮ್‌ಗೆ ಅದು ಆಮೇಲೆ ಬಂತು. ಫಾಂಟ್ಸ್ ಪ್ಯಾನೆಲ್ ಕನ್ನಡ ಪೇಜ್ ಮಾಡುವವರಿಗೆ ಬೇಕೇ ಬೇಕು. ನಾವು ಬರೆದ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ಬ್ರೌಸರ್ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ. ನಿಜವಾಗಿ ಯಾವುದು ಬಳಕೆಯಾಗಿದೆ ಎಂದು ಇಲ್ಲಿ ಕಾಣುತ್ತದೆ. ಲೈನ್ ಹೈಟ್ ಅಲ್ಲೇ ಎಳೆದು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದ ಹಾಗೆ ಮಾಡಬಹುದು.

ಇನ್‌ಸ್ಪೆಕ್ಟರ್‌ನಲ್ಲಿ ಬೇಕಾದ ಬಾಕ್ಸ್‌ನ ಕೋಡ್ ಮೇಲೆ ರೈಟ್ ಕ್ಲಿಕ್ ಮಾಡಿ ಅದೊಂದರದ್ದೇ ಸ್ಕ್ರೀನ್‌ಶಾಟ್ ತೆಗೆಯಬಹುದು. ಕ್ಲೈಂಟ್‌ಗೆ ಕಳಿಸಲು ಇಷ್ಟು ಸುಲಭ ಬೇರೆ ಇಲ್ಲ.

2012ರಲ್ಲಿ, ಫೈರ್‌ಫಾಕ್ಸ್ 11ರಲ್ಲಿ, ಪೇಜನ್ನು ತ್ರೀಡಿಯಲ್ಲಿ ಓರೆ ಮಾಡಿ ನೋಡುವ ಸೌಲಭ್ಯ ಇತ್ತು. ಒಂದರೊಳಗೊಂದು ಎಷ್ಟು ಡಿವ್ (ಬಾಕ್ಸ್) ತುಂಬಿದ್ದೇವೆ ಎಂದು ತಕ್ಷಣ ಕಾಣುತ್ತಿತ್ತು. ಅದನ್ನು ತೆಗೆದಿದ್ದು ನನಗೆ ನಿಜಕ್ಕೂ ಬೇಸರ.

ಪೇಜ್ ವೇಗ ಅಳೆಯಲು ನಾನು ಕ್ರೋಮ್‌ನ ಲೈಟ್‌ಹೌಸ್‌ಗೇ ಹೋಗುತ್ತೇನೆ. ಹೆಚ್ಚಿನ ಜನ ಬಳಸುವುದೂ ಕ್ರೋಮ್, ಹಾಗಾಗಿ ಕೊನೆಯ ಪರೀಕ್ಷೆ ಅಲ್ಲಿ ಆಗಲೇಬೇಕು. ಆದರೆ ಸಿಎಸ್‌ಎಸ್ ಅನ್ನು ಕೈಯಾರೆ ಬರೆಯುವವರಿಗೆ ನಾನು ಮೊದಲು ಹೇಳುವುದು ಫೈರ್‌ಫಾಕ್ಸನ್ನೇ.

ಒಂದೇ ಒಂದು ಬೇಡಿಕೆ ಇದೆ. ಮಾಡಿದ ತಿದ್ದುಪಡಿಗಳನ್ನು ಚೇಂಜಸ್ ಪ್ಯಾನೆಲ್ ಒಟ್ಟಿಗೆ ತೋರಿಸುತ್ತದೆ, ಕಾಪಿ ಮಾಡಿಕೊಳ್ಳಬಹುದು. ಪೇಜ್ ರಿಫ್ರೆಶ್ ಆದರೆ ಎಲ್ಲಾ ಅಳಿಸಿಹೋಗುತ್ತದೆ. ಅದು ರಿಫ್ರೆಶ್ ಆದ ಮೇಲೂ ಉಳಿಯುವಂತಾಗಬೇಕು.