ರಾತ್ರಿ ಹಂದಿ ಬೇಟೆಗೆ ನನ್ನ ಓಟು ಡಿಜಿಟಲ್ ಸ್ಕೋಪಿಗೆ: ಆಡ್‌ಆನ್, ಥರ್ಮಲ್ ಜೊತೆ ಹೋಲಿಕೆ

ಟೆಕ್ಸಸ್‌ನಲ್ಲಿ ಜಮೀನು ಇಟ್ಟುಕೊಂಡವರಿಗೆ ಕಾಡುಹಂದಿ ಕಾಟ ಹೊಸದಲ್ಲ. ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ರಾತ್ರಿಯೂ ಹೊಡೆಯಬಹುದು. 2019ರ ಸೆಪ್ಟೆಂಬರಿನಿಂದ ಅದಕ್ಕೆ ಬೇಟೆ ಲೈಸೆನ್ಸೂ ಬೇಕಿಲ್ಲ. ರೈಫಲ್ ಮೇಲೆ ಏನು ಕೂರಿಸಬೇಕು ಎನ್ನುವುದೇ ಪ್ರಶ್ನೆ. ಹಗಲಿನ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಹಿಂದೆ ಸಿಕ್ಕಿಸುವ ಆಡ್‌ಆನ್ ಎಂಬ ರಾತ್ರಿ ಕ್ಯಾಮೆರಾ, ಕ್ಯಾಮೆರಾ ಮತ್ತು ಪರದೆ ಒಳಗೇ ಇರುವ ಪೂರ್ತಿ ಡಿಜಿಟಲ್ ಸ್ಕೋಪ್, ಮೈಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಸ್ಕೋಪ್, ಈ ಮೂರನ್ನೂ ಬಳಸಿದ ಮೇಲೆ ಹೇಳುತ್ತೇನೆ: ಡಿಜಿಟಲ್ ಸ್ಕೋಪೇ ತಗೊಳ್ಳಿ.

ಆಡ್‌ಆನ್‌ಗೆ ಮನಸೋಲಲು ಕಾರಣ ಎರಡು. ಬೆಲೆ ಕಡಿಮೆ, ಗುರಿ ಮತ್ತೆ ಹೊಂದಿಸಬೇಕಿಲ್ಲ. ಕ್ರಾಸ್‌ಹೇರ್ (ಗುರಿ ಇಡುವ ಅಡ್ಡಗೆರೆ) ಹಗಲಿನ ಸ್ಕೋಪಿನೊಳಗೇ ಇರುವುದರಿಂದ ಹಿಂದೆ ಕ್ಯಾಮೆರಾ ಸಿಕ್ಕಿಸಿದರೆ ಝೀರೋ, ಅಂದರೆ ಗುಂಡು ಬೀಳುವ ಜಾಗಕ್ಕೆ ಕ್ರಾಸ್‌ಹೇರ್ ಹೊಂದಿಸಿದ್ದು, ಕದಲುವುದಿಲ್ಲ. ತಲೆನೋವು ಫೋಕಸ್‌ನದು. ಮೂರು ಕಡೆ ಹೊಂದಿಸಬೇಕು, ಅದೂ ಇದೇ ಕ್ರಮದಲ್ಲಿ. ಮೊದಲು ಆಡ್‌ಆನ್‌ನ ಹಿಂದಿನ ಉಂಗುರ ತಿರುಗಿಸಿ, ಪರದೆಯ ಅಕ್ಷರಗಳು ಸ್ಪಷ್ಟವಾಗಬೇಕು. ಆಮೇಲೆ ಅದರ ಮುಂದಿನ ಲೆನ್ಸ್, ಕ್ರಾಸ್‌ಹೇರ್ ಚೂಪಾಗುವವರೆಗೆ. ಕೊನೆಗೆ ಸ್ಕೋಪಿನ ಪ್ಯಾರಲಾಕ್ಸ್ (ಗುರಿಯ ದೂರಕ್ಕೆ ಹೊಂದಿಸುವ ತಿರುಪು), ಗುರಿ ಸ್ಪಷ್ಟವಾಗುವವರೆಗೆ. ಪ್ಯಾರಲಾಕ್ಸ್ 100 ಗಜಕ್ಕೆ ಕಾಯಂ ಆಗಿರುವ ಸ್ಕೋಪಾದರೆ ಈ ಮೂರನೆಯದು ನಿಮ್ಮ ಕೈಯಲ್ಲಿಲ್ಲ. 30 ಗಜದಲ್ಲಿ ನಿಂತ ಹಂದಿ ಮಸುಕಾಗಿಯೇ ಉಳಿಯುತ್ತದೆ.

ಇನ್ನು ಕಾಲರ್, ಅಂದರೆ ಆಡ್‌ಆನನ್ನು ಸ್ಕೋಪಿಗೆ ಸಿಕ್ಕಿಸುವ ಬಳೆ. ಐಪೀಸ್‌ಗೆ (ಸ್ಕೋಪಿನ ಕಣ್ಣಿಡುವ ತುದಿಗೆ) ಬಿಗಿಯಾಗಿ ಕೂರಲೆಂದು ಟೇಪ್ ಸುತ್ತಬೇಕು. ಸುತ್ತು ಒಂದೇ ಸಮ ಇಲ್ಲದಿದ್ದರೆ ಕ್ಯಾಮೆರಾ ವಾಲುತ್ತದೆ, ಚಿತ್ರದ ಒಂದು ಅಂಚು ಕಪ್ಪಾಗುತ್ತದೆ. ಆಡ್‌ಆನ್ ತೆಗೆದು ಹಾಕುವಾಗ ಐಪೀಸೂ ಜೊತೆಗೆ ತಿರುಗಿದರೆ ಹೊಂದಿಸಿದ ಫೋಕಸ್ ಹಾಳು.

ಎಲ್ಲಕ್ಕಿಂತ ಕಾಡುವುದು ಉದ್ದ. ಕಣ್ಣು ಇಡುವ ಜಾಗ ಸುಮಾರು 10 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಕೆನ್ನೆ ಸ್ಟಾಕ್ (ರೈಫಲಿನ ಹಿಂಬದಿ) ಮೇಲೆ ಕೂರುವುದಿಲ್ಲ, ಕತ್ತು ಹಿಂದಕ್ಕೆಳೆದು ಹೊಡೆಯಬೇಕು. .308 ಗುಂಡಿನಂಥ ಜೋರು ರೈಫಲಿನ ಒದೆತಕ್ಕೆ ರಬ್ಬರ್ ಕಪ್ ಹುಬ್ಬಿಗೆ ಬಡಿಯುತ್ತದೆ. ಸ್ಕೋಪನ್ನು ಮುಂದಕ್ಕೆ ಸರಿಸಿದರೆ ಹಗಲಿನ ಬಳಕೆ ಕೆಡುತ್ತದೆ, ಮೇಲಾಗಿ ಝೀರೋ ಮತ್ತೆ ಮಾಡಬೇಕು. ಆಡ್‌ಆನ್ ಕೊಂಡಿದ್ದರ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಡಿಜಿಟಲ್ ಸ್ಕೋಪಿನಲ್ಲಿ ಈ ಗೋಳಿಲ್ಲ. 30 ಮಿಲಿಮೀಟರ್ ಟ್ಯೂಬಿನದಾದರೆ ಮಾಮೂಲಿ ರಿಂಗ್‌ನಲ್ಲೇ ಕೂರುತ್ತದೆ, ಕಣ್ಣು ಇದ್ದಲ್ಲೇ ಇರುತ್ತದೆ. ಹಗಲಲ್ಲಿ 50 ಗಜಕ್ಕೆ ಮೂರು ಗುಂಡು ಹೊಡೆದು, ಅವುಗಳ ನಡುಬಿಂದುವಿಗೆ ಮೆನುವಿನಲ್ಲಿ ಕ್ರಾಸ್‌ಹೇರ್ ಸರಿಸಿ ಸೇವ್ ಮಾಡಿ, 100 ಗಜದಲ್ಲಿ ಖಚಿತಪಡಿಸಿಕೊಳ್ಳಿ. ಕತ್ತಲಾದ ಮೇಲೆ ಐಆರ್ (ಇನ್ಫ್ರಾರೆಡ್) ಟಾರ್ಚ್ ಹಾಕಿ ಫೋಕಸ್ ಮತ್ತೆ ಮಾಡಲೇಬೇಕು, ಏಕೆಂದರೆ ಇನ್ಫ್ರಾರೆಡ್ ಬೆಳಕು ಲೆನ್ಸಿನಲ್ಲಿ ಬೇರೆ ಕಡೆ ಕೂಡುತ್ತದೆ. ಟಾರ್ಗೆಟ್ ಕಾಗದದ ಬಗ್ಗೆಯೂ ಎಚ್ಚರ ಬೇಕು. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಕಪ್ಪು ವೃತ್ತ ಐಆರ್ ಬೆಳಕಿನಲ್ಲಿ ಮಾಯವಾಗಬಹುದು, ಬರೀ ಬಿಳಿ ಹಾಳೆ ಕಾಣುತ್ತದೆ. ಲೇಸರ್ ಪ್ರಿಂಟರಿನ ಟೋನರಿನಲ್ಲಿ ಇಂಗಾಲ ಇರುವುದರಿಂದ ಆ ವೃತ್ತ ಕಪ್ಪಾಗಿಯೇ ಉಳಿಯುತ್ತದೆ.

ಜೊತೆಗೆ ಬರುವ ಸಣ್ಣ ಟಾರ್ಚ್ ನೆಚ್ಚಬೇಡಿ, ಬೇರೆಯದೇ ಕೊಳ್ಳಿ. 850 ನ್ಯಾನೊಮೀಟರ್ ತರಂಗಾಂತರದ್ದು ದೂರ ಹೋಗುತ್ತದೆ, ಆದರೆ ಅದರ ತುದಿಯಲ್ಲಿ ಮಂದ ಕೆಂಪು ಚುಕ್ಕೆ ಕಾಣುತ್ತದೆ. 940ರಲ್ಲಿ ಚುಕ್ಕೆ ಕಾಣದು, ದೂರವೂ ಕಡಿಮೆ. ನಳಿಗೆಗೋ ಮುಂದಿನ ಹುಲ್ಲಿಗೋ ಬೆಳಕು ತಾಗದಂತೆ ಟಾರ್ಚ್ ಕೂರಿಸಿ. ತಾಗಿದರೆ ಸೆನ್ಸರ್ ಆ ಹೊಳಪಿಗೆ ತಕ್ಕಂತೆ ಚಿತ್ರವನ್ನೇ ಮಂದ ಮಾಡುತ್ತದೆ, ಹಿಂದಿರುವ ಹಂದಿ ಕತ್ತಲಲ್ಲಿ ಮುಳುಗುತ್ತದೆ. ಮಂಜಿನಲ್ಲೂ ಇದೇ ಪಾಡು.

ಥರ್ಮಲ್‌ಗೆ ಟಾರ್ಚ್ ಬೇಡ, ಹುಡುಕುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿ ಕಾಣುವುದು ಬಿಸಿಯ ಆಕಾರ ಮಾತ್ರ. 384×288 ಪಿಕ್ಸೆಲ್ ಸೆನ್ಸರಿನಲ್ಲಿ 150 ಗಜದಾಚೆ ಮಲಗಿದ ಕರು ಮತ್ತು ಹಂದಿ ಒಂದೇ ಥರದ ಬಿಳಿ ಮುದ್ದೆ. ನಡುವಿನ ತಂತಿಬೇಲಿ ಕಾಣದೇ ಹೋಗಬಹುದು. ದನ ಮೇಯುವ ಜಮೀನಿನಲ್ಲಿ ನಾನು ಬರೀ ಥರ್ಮಲ್ ನೋಡಿ ಟ್ರಿಗರ್ ಒತ್ತುವುದಿಲ್ಲ. ಬೆಲೆಯೂ ಡಿಜಿಟಲ್‌ಗಿಂತ ಸುಮಾರು ಎರಡು ಮೂರು ಪಟ್ಟು.

ನಾನು ಹೊಡೆಯುವುದು ಫೀಡರ್ (ಮೇವು ಉದುರಿಸುವ ಡಬ್ಬ) ಎದುರು ಒಂದೇ ಕಡೆ ಕೂತು, 120 ಗಜದೊಳಗೆ. ಅದಕ್ಕೆ ಡಿಜಿಟಲ್ ಸ್ಕೋಪ್, 850ರ ಟಾರ್ಚ್, ಎರಡು ಹೆಚ್ಚುವರಿ ಬ್ಯಾಟರಿ ಸಾಕು. ವಿಶಾಲ ಹೊಲದಲ್ಲಿ ಅಲೆದಾಡಿ ಹುಡುಕುವವರು ಕೈಯಲ್ಲಿ ಹಿಡಿಯುವ ಥರ್ಮಲ್ ಮೊನೊಕ್ಯುಲರ್ (ಒಂಟಿಕಣ್ಣಿನ ದುರ್ಬೀನು) ಒಂದನ್ನು ಸೇರಿಸಿಕೊಳ್ಳಿ, ರೈಫಲ್ ಮೇಲೆ ಡಿಜಿಟಲ್ಲೇ ಇರಲಿ. ಊರಿಗೆ ಹೊರಟಾಗ ಇವನ್ನು ಸೂಟ್‌ಕೇಸಿಗೆ ಹಾಕಬೇಡಿ: ಇವು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟ ಸಾಮಾನು, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಬೇಟೆ ನಿಷಿದ್ಧ.